ಹುಬ್ಬಳ್ಳಿಯಲ್ಲಿ ಮಾಡಿಸಿದ ಮಡಚುವ ಚಾಕು: ಹದಿನಾಲ್ಕು ತಿಂಗಳ ಬಳಕೆಯ ನಂತರ

ಹೊಲಗಳಿಗೆ ಹನಿ ನೀರಾವರಿಯ ಪೈಪು ಜೋಡಿಸಿಕೊಡುವುದು ನನ್ನ ಉದ್ಯೋಗ. ಅಂಗಡಿ ಹುಬ್ಬಳ್ಳಿಯಲ್ಲಿದ್ದರೂ ವಾರದ ನಾಲ್ಕೈದು ದಿನಗಳು ನವಲಗುಂದ, ಅಣ್ಣಿಗೇರಿ, ಶಿಗ್ಗಾವಿ, ರಾಣೆಬೆನ್ನೂರಿನ ಕಡೆಯ ಹೊಲಗಳಲ್ಲಿಯೇ ಕಳೆಯುತ್ತವೆ. ಈ ಕೆಲಸದಲ್ಲಿ ಚಾಕು ಕೈಯಿಂದ ಇಳಿಯುವುದೇ ಇಲ್ಲ. 16 ಮಿಲಿಮೀಟರಿನ ಲ್ಯಾಟರಲ್ ಪೈಪನ್ನು, ಅಂದರೆ ಬೆಳೆಯ ಸಾಲಿನುದ್ದಕ್ಕೂ ಹಾಸುವ ಸಣ್ಣ ಪೈಪನ್ನು, ದಿನಕ್ಕೆ ನೂರಾರು ಸಲ ಕತ್ತರಿಸಬೇಕು. ಸುರುಳಿಗಳ ಕಟ್ಟು ಬಿಚ್ಚಬೇಕು. ಪಂಪಿನ ವೈರಿನ ತುದಿ ಸುಲಿಯಬೇಕು. ಗೊಬ್ಬರದ ಚೀಲದ ಹೊಲಿಗೆ ಹರಿಯಬೇಕು. ಮಧ್ಯಾಹ್ನ ಹೊಲದವರು ಪೇರಲ ಹಣ್ಣು ಕೊಟ್ಟರೆ ಅದನ್ನೂ ಹೋಳು ಮಾಡಬೇಕು. ಹೀಗೆ ದಿನವಿಡೀ ದುಡಿಯುವ ಒಂದು ವಸ್ತುವನ್ನು ನನ್ನ ಕೈಯ ಅಳತೆಗೆ ಮಾಡಿಸಿಕೊಂಡು, ಹದಿನಾಲ್ಕು ತಿಂಗಳು ಬಳಸಿದ ಮೇಲೆ ಈ ಬರಹವನ್ನು ಬರೆಯುತ್ತಿದ್ದೇನೆ.

ಮಾಡಿಸುವ ವಿಚಾರ ಹುಟ್ಟಿದ್ದು ಒಂದು ಗಾಯದಿಂದ. ಎರಡು ವರ್ಷಗಳ ಹಿಂದೆ, ತಯಾರಕರ ಹೆಸರೇ ಇಲ್ಲದ, ಮುನ್ನೂರು ರೂಪಾಯಿಯ ಮಡಚುವ ಚಾಕು ನನ್ನ ಬಳಿ ಇತ್ತು. ನೋಡಲು ಸೈನಿಕರ ಚಾಕುವಿನಂತೆ ಕಪ್ಪಗೆ, ಹಲ್ಲುಹಲ್ಲಾಗಿ, ಗಟ್ಟಿಮುಟ್ಟಾಗಿಯೇ ಕಾಣುತ್ತಿತ್ತು. ಸವಣೂರಿನ ಹತ್ತಿರದ ಒಂದು ವೀಳ್ಯದೆಲೆಯ ತೋಟದಲ್ಲಿ ದಪ್ಪ ಪೈಪಿಗೆ ಮೊನೆ ಚುಚ್ಚಿ ತಿರುವುವಾಗ ಅದರ ಲಾಕು ಜಾರಿ, ಅಲಗು ಮಡಚಿಕೊಂಡು, ನನ್ನ ತೋರುಬೆರಳಿನ ಮೇಲೆ ಬಿತ್ತು. ಮೂರು ಹೊಲಿಗೆಗಳಾದವು. ಅಲಗಿಗೆ ಏನೂ ಆಗಿರಲಿಲ್ಲ, ಅದು ಹರಿತವಾಗಿಯೇ ಇತ್ತು. ಕೈಕೊಟ್ಟದ್ದು ಕೀಲು. ಅಂದಿನಿಂದ ಯಾವ ಮಡಚುವ ಚಾಕು ಕೈಗೆ ಬಂದರೂ ನಾನು ಮೊದಲು ನೋಡುವುದು ಅಲಗನ್ನಲ್ಲ, ಅದನ್ನು ಹಿಡಿದು ನಿಲ್ಲಿಸುವ ಜಾಗವನ್ನು.

ಚಾಕು ಮಾಡಿಕೊಟ್ಟವರು ಹಗಲು ತಾರಿಹಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸ ಮಾಡುತ್ತಾರೆ; ಸಂಜೆ ಮತ್ತು ರವಿವಾರ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಚಾಕುಗಳನ್ನು ಮಾಡುತ್ತಾರೆ. ಮುಂದೆ ಒಂದು ದೋಷದ ಮಾತು ಬರುವುದರಿಂದ ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರಲ್ಲಿ ಕಂಪ್ಯೂಟರಿನಿಂದ ನಡೆಯುವ ಯಂತ್ರವಿಲ್ಲ. ಒಂದು ಬೆಲ್ಟ್ ಗ್ರೈಂಡರ್, ಒಂದು ಡ್ರಿಲ್ಲಿಂಗ್ ಯಂತ್ರ, ಕೈಗರಗಸ, ಕಾನಸುಗಳು, ಅಳೆಯಲು ಮೈಕ್ರೊಮೀಟರ್ — ಇಷ್ಟೇ ಬಂಡವಾಳ. ಮೊದಲ ಭೇಟಿಯಲ್ಲಿ ನಾನು ಯಾವ ಉಕ್ಕು, ಎಷ್ಟು ಉದ್ದ ಎಂದು ಕೇಳಲು ಹೊರಟಾಗ ಅವರು ತಡೆದು ಹೇಳಿದ ಮಾತು ಇದು: “ಸರ್, ಅಲಗು ಯಾರರ ಮಾಡ್ತಾರ್ರಿ. ಕೀಲು ಕೂಡಿಸೂದು ಮಾತ್ರ ಎಲ್ಲಾರಿಗೂ ಆಗೂದಿಲ್ಲ.” ನನ್ನ ಬೆರಳಿನ ಗಾಯದ ಕಲೆಯನ್ನು ಅವರಿಗೆ ಇನ್ನೂ ತೋರಿಸಿರಲಿಲ್ಲ.

ಟ್ಯಾಕ್ಟಿಕಲ್ ಎಂಬ ಹೆಸರಿನಿಂದ ಮಾರಾಟವಾಗುವ ಮಡಚುವ ಚಾಕುಗಳ ರೂಪ ಬೆಳೆದದ್ದು ಅಮೆರಿಕದಲ್ಲಿ. ಒಂದೇ ಕೈಯಿಂದ ತೆರೆಯಲು ಅಲಗಿನ ಮೇಲೆ ಹೆಬ್ಬೆರಳಿನಿಂದ ನೂಕುವ ಸಣ್ಣ ಗುಬ್ಬಿ, ತೆರೆದ ಅಲಗನ್ನು ಹಿಡಿದಿಡುವ ಗಟ್ಟಿಯಾದ ಲಾಕು, ಜೇಬಿನ ಅಂಚಿಗೆ ಸಿಕ್ಕಿಸಲು ಕ್ಲಿಪ್ಪು — ಈ ಮೂರು ಸೇರಿದರೆ ಆ ರೂಪ ಬಂತು ಎನ್ನಬಹುದು. ನನಗೆ ಬೇಕಾಗಿದ್ದದ್ದು ಈ ಮೂರೇ. ಒಂದು ಕೈಯಲ್ಲಿ ಪೈಪು ಹಿಡಿದು ಕೆಸರಿನಲ್ಲಿ ನಿಂತವನಿಗೆ ಚಾಕು ತೆರೆಯಲು ಇನ್ನೊಂದೇ ಕೈ ಉಳಿಯುತ್ತದೆ. ಕಪ್ಪು ಲೇಪ, ಗರಗಸದ ಹಲ್ಲು, ಗಾಜು ಒಡೆಯುವ ಮೊನೆ ಇವ್ಯಾವುವೂ ಬೇಡ ಎಂದು ಮೊದಲೇ ಹೇಳಿದೆ. ಅವರಿಗೂ ಅದು ಹಿಡಿಸಿತು. ಹಲ್ಲುಗಳಿರುವ ಅಲಗು ಹಗ್ಗವನ್ನು ಚೆನ್ನಾಗಿ ಕೊಯ್ಯುತ್ತದೆ, ಆದರೆ ಪೈಪಿನ ಅಂಚನ್ನು ಹರಕುಮುರುಕು ಮಾಡುತ್ತದೆ. ಹನಿ ನೀರಾವರಿಯ ಕೆಲಸಕ್ಕೆ ಅದು ನಿರುಪಯೋಗಿ.

ಅಳತೆ ತೆಗೆದುಕೊಂಡ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅಂಗಡಿಯ ಚಾಕುವಿಗೂ ಮಾಡಿಸಿದ ಚಾಕುವಿಗೂ ಇರುವ ಅಂತರ ಅಲ್ಲಿಂದಲೇ ಶುರುವಾಗುತ್ತದೆ. ಅವರು ನನ್ನ ಬಲಗೈಯನ್ನು ಕಾಗದದ ಮೇಲೆ ಇಡಿಸಿ ಪೆನ್ಸಿಲಿನಿಂದ ಗೆರೆ ಎಳೆದರು. ಬಳಿಕ ಮುಷ್ಟಿ ಕಟ್ಟಿಸಿ ನಾಲ್ಕು ಬೆರಳುಗಳ ಅಗಲವನ್ನು ಅಳೆದರು. 88 ಮಿಲಿಮೀಟರ್ ಬಂತು. ಒಂದು ವಾರದ ನಂತರ ಹೋದಾಗ ಪ್ಲೈವುಡ್ಡಿನಲ್ಲಿ ಕೊರೆದ ಮೂರು ಹಿಡಿಗಳನ್ನು ಮುಂದಿಟ್ಟರು. ಮೂರೂ ಒಂದೇ ಉದ್ದ, ಹೊಟ್ಟೆಯ ಬಾಗು ಮಾತ್ರ ಬೇರೆ ಬೇರೆ. ಪ್ರತಿಯೊಂದನ್ನೂ ಎರಡೆರಡು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿ ನೋಡಿರಿ ಎಂದು ಕಳಿಸಿದರು. ಕೈಯಲ್ಲಿ ಹಿಡಿದಾಗ ಚಂದವೆನಿಸಿದ ಒಂದನೆಯದು ಮೋಟಾರ್ ಸೈಕಲ್ ಹತ್ತಿದ ಕೂಡಲೇ ತೊಡೆಗೆ ಒತ್ತುತ್ತಿತ್ತು. ಮೂರನೆಯದು ಒದ್ದೆ ಕೈಯಲ್ಲಿ ಜಾರುತ್ತಿತ್ತು. ಎರಡನೆಯದನ್ನು ಆರಿಸಿ, ತೋರುಬೆರಳಿನ ಜಾಗದಲ್ಲಿ ಇನ್ನು ಎರಡು ಮಿಲಿಮೀಟರ್ ತಗ್ಗು ಬೇಕು ಎಂದೆ. ಅವರು ಅಲ್ಲಿಯೇ ಕಾನಸಿನಿಂದ ಉಜ್ಜಿ ಕೈಗೆ ಕೊಟ್ಟರು. ಆ ಪ್ಲೈವುಡ್ಡಿನ ಹಿಡಿ ಈಗಲೂ ನನ್ನ ಅಂಗಡಿಯ ಮೇಜಿನ ಮೇಲಿದೆ.

ಕೊನೆಗೆ ಗೊತ್ತಾದ ಲೆಕ್ಕ ಹೀಗಿತ್ತು: ಅಲಗಿನ ಉದ್ದ 82 ಮಿಲಿಮೀಟರ್, ಬೆನ್ನಿನ ದಪ್ಪ 3 ಮಿಲಿಮೀಟರ್, ಮಡಚಿದಾಗ ಒಟ್ಟು ಉದ್ದ 112 ಮಿಲಿಮೀಟರ್, ತೂಕ 130 ಗ್ರಾಮಿನ ಆಸುಪಾಸು. ಬೆಲೆ 11,500 ರೂಪಾಯಿ, ಅರ್ಧ ಮುಂಗಡ.

ಉಕ್ಕಿನ ಆಯ್ಕೆಯಲ್ಲಿ ನಮ್ಮಿಬ್ಬರ ನಡುವೆ ಬಹಳ ಹೊತ್ತು ಚರ್ಚೆಯಾಯಿತು. ನಮ್ಮ ಕಡೆಯ ಕಂಬಾರರು ಕುಡಗೋಲಿಗೂ ಕೊಡಲಿಗೂ ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಬಳಸುತ್ತಾರೆ. ಅದು ಪೆಟ್ಟು ತಾಳುವ ಉಕ್ಕು, ಆದರೆ ಸಣ್ಣ ಅಲಗಿನ ಸೂಕ್ಷ್ಮ ಹರಿತವನ್ನು ಬಹಳ ದಿನ ಉಳಿಸಿಕೊಳ್ಳುವುದಿಲ್ಲ. ಬಾಲ್ ಬೇರಿಂಗಿನ ಉಕ್ಕು, ಅಂದರೆ ಕಾರ್ಖಾನೆಗಳಲ್ಲಿ ಇಎನ್-31 ಎಂದು ಕರೆಯುವುದು, ಶೇಕಡ 1ರಷ್ಟು ಇಂಗಾಲ, ಶೇಕಡ 1.5ರಷ್ಟು ಕ್ರೋಮಿಯಂ ಇರುವ ಸೊಗಸಾದ ವಸ್ತು. ಕೂದಲೆಳೆಯಂಥ ಬಾಯಿ, ಅಂದರೆ ಹರಿತದ ಅಂಚು, ಬರುತ್ತದೆ, ಮನೆಯ ಕಲ್ಲಿನ ಮೇಲೆ ಸುಲಭವಾಗಿ ಮಸೆಯಬಹುದು. ಆದರೆ ಬೆವರು ತಾಗಿದರೆ ಅದೇ ಸಂಜೆಗೆ ತುಕ್ಕು. ನನ್ನದು ದಿನವೂ ನೀರಿನಲ್ಲಿ ನಿಲ್ಲುವ ಕೆಲಸವಾದ್ದರಿಂದ ಡಿ-2 ಉಕ್ಕನ್ನು ಆರಿಸಿಕೊಂಡೆವು. ಇದು ಮೂಲತಃ ಪ್ರೆಸ್ ಯಂತ್ರಗಳ ಅಚ್ಚುಗಳಿಗೆ ಬಳಸುವ ಉಕ್ಕು, ಶೇಕಡ 1.5ರಷ್ಟು ಇಂಗಾಲ, ಸುಮಾರು 12ರಷ್ಟು ಕ್ರೋಮಿಯಂ. ಹನ್ನೆರಡು ಎಂದರೆ ಸ್ಟೇನ್‌ಲೆಸ್ ಆಗಬೇಕಲ್ಲ ಎಂದು ನಾನು ಕೇಳಿದೆ. ಆ ಕ್ರೋಮಿಯಮ್ಮಿನ ಹೆಚ್ಚಿನ ಪಾಲು ಇಂಗಾಲದೊಡನೆ ಕೂಡಿಕೊಂಡು ಗಟ್ಟಿಯಾದ ಕಾರ್ಬೈಡ್ ಕಣಗಳಾಗಿಬಿಡುತ್ತದೆ, ತುಕ್ಕನ್ನು ತಡೆಯಲು ಬಿಡುವಾಗಿ ಉಳಿಯುವುದು ಸ್ವಲ್ಪವೇ ಎಂದು ಅವರು ವಿವರಿಸಿದರು. ಆ ಕಣಗಳೇ ಈ ಉಕ್ಕಿನ ಬಾಳಿಕೆಗೆ ಕಾರಣ, ಮಸೆಯುವಾಗ ಅದು ಕೊಡುವ ತ್ರಾಸಿಗೂ ಅವೇ ಕಾರಣ.

ಡಿ-2ಕ್ಕೆ ಹದ ಕೊಡುವುದು ಕುಲುಮೆಯ ಕೆಲಸವಲ್ಲ. ಸಾವಿರ ಡಿಗ್ರಿಗೂ ಮೇಲೆ, 1010ರಿಂದ 1030ರ ನಡುವೆ, ಉಷ್ಣತೆಯನ್ನು ಕರಾರುವಾಕ್ಕಾಗಿ ನಿಲ್ಲಿಸಬೇಕು. ಎಣ್ಣೆಯಲ್ಲಿ ಅದ್ದುವ ಅಗತ್ಯವಿಲ್ಲ, ಗಾಳಿಯಲ್ಲಿಯೇ ಗಡಸಾಗುತ್ತದೆ. ನಂತರ ಸುಮಾರು 200 ಡಿಗ್ರಿಯಲ್ಲಿ ಎರಡು ಸಲ ಕಾಯಿಸಿ ಅದರ ಪೆಡಸುತನವನ್ನು ತಗ್ಗಿಸಬೇಕು. ನನ್ನ ಚಾಕು ಮಾಡಿದವರು ಅಲಗುಗಳನ್ನು ಆಕಾರಕ್ಕೆ ತಂದು, ರಂಧ್ರಗಳನ್ನೆಲ್ಲ ಕೊರೆದು, ಎಂಟೊಂಬತ್ತು ಅಲಗುಗಳು ಕೂಡಿದ ಮೇಲೆ ಒಟ್ಟಿಗೆ ಬೆಳಗಾವಿಯ ಒಂದು ಹೀಟ್ ಟ್ರೀಟ್‌ಮೆಂಟ್ ಘಟಕಕ್ಕೆ ಕಳಿಸುತ್ತಾರೆ. ಆರು ವಾರದಲ್ಲಿ ಕೊಡುವೆನೆಂದದ್ದು ಹದಿನಾಲ್ಕು ವಾರಕ್ಕೆ ಹೋದದ್ದಕ್ಕೆ ಇದೇ ಮುಖ್ಯ ಕಾರಣ. ನನ್ನ ಅಲಗು ಉಳಿದವರ ಅಲಗುಗಳಿಗಾಗಿ ಒಂದೂವರೆ ತಿಂಗಳು ಕಾಯಿತು. ತಡವಾದದ್ದಕ್ಕಿಂತ, ತಡವಾಗುತ್ತದೆಂದು ಅವರಾಗಿ ಹೇಳದಿದ್ದದ್ದು ನನಗೆ ಬೇಸರ ತರಿಸಿತು. ಪ್ರತಿ ಸಲವೂ ನಾನೇ ಫೋನು ಮಾಡಬೇಕಾಯಿತು. ಮುಂಗಡ ತೆಗೆದುಕೊಂಡವರು ಹದಿನೈದು ದಿನಕ್ಕೊಮ್ಮೆ ಒಂದು ಮಾತು ತಿಳಿಸಬೇಕು. ಇದನ್ನು ಅವರ ಮುಂದೆಯೂ ಹೇಳಿದ್ದೇನೆ.

ಇನ್ನು ಲಾಕಿನ ವಿಚಾರ. ನನ್ನ ಚಾಕುವಿನಲ್ಲಿರುವುದು ಲೈನರ್ ಲಾಕ್. ಇದನ್ನು ಇಂದಿನ ರೂಪಕ್ಕೆ ತಂದವರು ಅಮೆರಿಕದ ಮೈಕೆಲ್ ವಾಕರ್, 1980ರ ದಶಕದಲ್ಲಿ. ಹಿಡಿಯ ಎರಡೂ ಬದಿಯ ಹಲಗೆಗಳ ಒಳಗೆ ತೆಳುವಾದ ಲೋಹದ ಪಟ್ಟಿಗಳಿರುತ್ತವೆ, ಅವೇ ಲೈನರುಗಳು. ಒಂದು ಪಟ್ಟಿಯನ್ನು ಉದ್ದಕ್ಕೆ ಸೀಳಿ, ಸೀಳಿದ ಭಾಗವನ್ನು ಒಳಕ್ಕೆ ಬಾಗಿಸಿರುತ್ತಾರೆ. ಅಲಗು ಮಡಚಿರುವಾಗ ಆ ಪಟ್ಟಿ ಅಲಗಿನ ಪಕ್ಕಕ್ಕೆ ಒತ್ತಿಕೊಂಡಿರುತ್ತದೆ. ಅಲಗು ಪೂರ್ತಿ ತೆರೆದ ಕ್ಷಣದಲ್ಲಿ ಅದು ತನ್ನ ಬಾಗಿನ ಬಲದಿಂದಲೇ ಒಳಕ್ಕೆ ಸರಿದು ಅಲಗಿನ ಬುಡದ ಹಿಂದೆ ಅಡ್ಡನಿಲ್ಲುತ್ತದೆ. ಆಮೇಲೆ ಹೆಬ್ಬೆರಳಿನಿಂದ ಪಟ್ಟಿಯನ್ನು ಪಕ್ಕಕ್ಕೆ ತಳ್ಳಿದ ಹೊರತು ಅಲಗು ಮಡಚುವುದಿಲ್ಲ. ಫ್ರಾನ್ಸಿನ ಓಪಿನೆಲ್ ಚಾಕುಗಳಲ್ಲಿ 1955ರಿಂದ ಇರುವ ತಿರುಗುವ ಉಂಗುರದ ಲಾಕು ಇದಕ್ಕಿಂತ ಸರಳ, ಅಗ್ಗ ಕೂಡ. ಆದರೆ ಉಂಗುರ ತಿರುಗಿಸಲು ಎರಡೂ ಕೈ ಬೇಕು.

ಲೈನರ್ ಲಾಕಿನ ಜೀವ ಇರುವುದು ಅಲಗಿನ ಬುಡ ಮತ್ತು ಪಟ್ಟಿಯ ತುದಿ ಒಂದಕ್ಕೊಂದು ತಾಗುವ ಓರೆಯಲ್ಲಿ. ಆ ಓರೆ ಏಳೆಂಟು ಡಿಗ್ರಿಯಷ್ಟಿದ್ದರೆ ಒತ್ತಡ ಬಿದ್ದಷ್ಟೂ ಪಟ್ಟಿ ಭದ್ರವಾಗಿ ಕೂರುತ್ತದೆ. ಓರೆ ಹೆಚ್ಚಾದರೆ ಒತ್ತಡ ಬಿದ್ದಾಗ ಪಟ್ಟಿ ಜಾರಿ ಹೊರಕ್ಕೆ ಸರಿಯುತ್ತದೆ. ಕಡಿಮೆಯಾದರೆ ಸಿಕ್ಕಿಕೊಂಡು ಮಡಚಲು ಬರುವುದಿಲ್ಲ. ಇಷ್ಟು ಸಣ್ಣ ಅಂತರವನ್ನು ಕೈಯಿಂದ ಕೂಡಿಸುವುದೆಂದರೆ ಒಂದೆರಡು ಸಲ ಉಜ್ಜಿ, ಜೋಡಿಸಿ, ತೆರೆದು ನೋಡಿ, ಮತ್ತೆ ಬಿಚ್ಚಿ, ಮತ್ತೆ ಉಜ್ಜುವುದು. ಅಚ್ಚುಕಟ್ಟಾಗಿ ಕೂಡಿಸಿದ್ದರೆ ಪಟ್ಟಿಯ ತುದಿ ಅಲಗಿನ ಬುಡದ ಅಗಲದಲ್ಲಿ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಬಂದು ನಿಲ್ಲುತ್ತದೆ. ಬಳಸುತ್ತ ಸವೆದಂತೆ ಅದು ನಿಧಾನವಾಗಿ ಇನ್ನೂ ಒಳಕ್ಕೆ ಸರಿಯಬಹುದಾದ್ದರಿಂದ ಅಲ್ಲಿ ಜಾಗ ಉಳಿದಿರಬೇಕು.

ನನ್ನ ಚಾಕು ಕೈಗೆ ಬಂದ ಮೂರನೆಯ ವಾರದಲ್ಲಿ ದೋಷ ಕಾಣಿಸಿತು. ಪ್ರತಿ ಸೋಮವಾರ ಬೆಳಿಗ್ಗೆ ನಾನು ಒಂದು ಪರೀಕ್ಷೆ ಮಾಡುತ್ತೇನೆ: ಅಲಗನ್ನು ತೆರೆದು, ಬೆರಳುಗಳನ್ನು ಅದರ ದಾರಿಯಿಂದ ದೂರವಿಟ್ಟು, ಬೆನ್ನನ್ನು ಮರದ ಮೇಜಿನ ಅಂಚಿಗೆ ಆನಿಸಿ ನಿಧಾನವಾಗಿ ಒತ್ತುವುದು. ಬಡಿಯುವುದಲ್ಲ, ಒತ್ತುವುದು. ಆ ದಿನ ಒತ್ತುತ್ತಿದ್ದಂತೆ ಪಟ್ಟಿ ಒಂದು ಕೂದಲೆಳೆಯಷ್ಟು ಹೊರಕ್ಕೆ ಸರಿದದ್ದು ಕಣ್ಣಿಗೆ ಕಂಡಿತು. ಇನ್ನೊಮ್ಮೆ ಒತ್ತಿದೆ, ಇನ್ನೂ ಸರಿಯಿತು. ಹಳೆಯ ಗಾಯದ ಜಾಗ ಜುಂ ಎಂದಿತು. ಅಂದೇ ಸಂಜೆ ತೆಗೆದುಕೊಂಡು ಹೋದೆ.

ಅವರು ಒಂದು ಮಾತನ್ನೂ ವಾದಿಸಲಿಲ್ಲ. ಬೆಳಕಿಗೆ ಹಿಡಿದು, ತಾವೂ ಒತ್ತಿ ನೋಡಿ, “ಇದು ನನ್ನ ತಪ್ಪ ಐತ್ರಿ” ಎಂದಷ್ಟೇ ಹೇಳಿ ಸ್ಕ್ರೂಗಳನ್ನು ಬಿಚ್ಚಿದರು. ಅಲಗಿನ ಬುಡಕ್ಕೆ ನೀಲಿ ಮಾರ್ಕರಿನಿಂದ ಬಣ್ಣ ಹಚ್ಚಿ, ಮತ್ತೆ ಜೋಡಿಸಿ, ಹತ್ತು ಸಲ ತೆರೆದು ಮಡಚಿ, ಪುನಃ ಬಿಚ್ಚಿ ತೋರಿಸಿದರು. ಬಣ್ಣ ಅಳಿಸಿದ್ದು ಮೇಲಿನ ಒಂದು ಸಣ್ಣ ಮೂಲೆಯಲ್ಲಿ ಮಾತ್ರ. ಉಳಿದ ಕಡೆ ಪಟ್ಟಿ ತಾಗಿಯೇ ಇರಲಿಲ್ಲ. ಬುಡದ ಓರೆಯನ್ನು ಮತ್ತೆ ಉಜ್ಜಿ ಸರಿಪಡಿಸಬೇಕಾಯಿತು. ಹಾಗೆ ಉಜ್ಜಿದರೆ ಲೋಹ ಹೋಗುತ್ತದೆ, ಲೋಹ ಹೋದರೆ ಪಟ್ಟಿ ಬೇಕಾದ್ದಕ್ಕಿಂತ ಹೆಚ್ಚು ಒಳಕ್ಕೆ ಬರುತ್ತದೆ. ಅದನ್ನು ಸರಿದೂಗಿಸಲು, ತೆರೆದ ಅಲಗನ್ನು ತಡೆದು ನಿಲ್ಲಿಸುವ 4 ಮಿಲಿಮೀಟರಿನ ಗೂಟವನ್ನು ತೆಗೆದು, 4.2 ಮಿಲಿಮೀಟರಿನದನ್ನು ತಾವೇ ಮಾಡಿ ಹಾಕಿದರು. ಅಲಗು ಮೊದಲಿಗಿಂತ ಸ್ವಲ್ಪವೇ ಮುಂಚೆ ನಿಲ್ಲುವಂತಾಯಿತು, ಪಟ್ಟಿ ಮತ್ತೆ ಮೂರನೆಯ ಒಂದು ಭಾಗದಲ್ಲಿ ಬಂದು ಕೂತಿತು. ನಾಲ್ಕು ದಿನದ ಕೆಲಸ. ಒಂದು ಪೈಸೆಯನ್ನೂ ತೆಗೆದುಕೊಳ್ಳಲಿಲ್ಲ. ಎರಡನೆಯ ಸಲ ನೀಲಿ ಬಣ್ಣ ಹಚ್ಚಿ ನೋಡಿದಾಗ ಪಟ್ಟಿ ತಾಗುವ ಉದ್ದಕ್ಕೂ ಬಣ್ಣ ಅಳಿಸಿದ ಒಂದೇ ಸಮನಾದ ಗೆರೆ ಇತ್ತು.

ಚಾಕು ದೋಷದೊಡನೆ ನನ್ನ ಕೈ ಸೇರಿದ್ದು ತಪ್ಪೇ. ಲಾಕು ಜಾರಿದರೆ ಬೆರಳು ಹೋಗುತ್ತದೆ. ಇಂಥ ವಸ್ತುವಿನಲ್ಲಿ ಆ ಪರೀಕ್ಷೆ ಕೊಡುವ ಮೊದಲೇ ಆಗಬೇಕಿತ್ತು. ಆದರೂ ಹಣ ಕೊಟ್ಟು ಕೊಂಡದ್ದು ಏನನ್ನು ಎಂಬುದು ನನಗೆ ಸ್ಪಷ್ಟವಾದದ್ದು ಆ ನಾಲ್ಕು ದಿನಗಳಲ್ಲಿ. ಮುನ್ನೂರು ರೂಪಾಯಿಯ ಚಾಕುವಿನ ಕೀಲನ್ನು ಬಿಚ್ಚಿ ನೋಡುವವರು ಯಾರೂ ಇರಲಿಲ್ಲ.

ಅಲಗು ಮಡಚಿದಾಗ ತಾನಾಗಿ ತೆರೆಯದಂತೆ ತಡೆಯುವ ವ್ಯವಸ್ಥೆಯೂ ಅಷ್ಟೇ ಮುಖ್ಯ. ಲಾಕಿನ ಪಟ್ಟಿಯಲ್ಲಿ ಒಂದೂವರೆ ಮಿಲಿಮೀಟರಿನ ಗಟ್ಟಿ ಗುಂಡೊಂದನ್ನು ಕೂಡಿಸಿರುತ್ತಾರೆ. ಅದು ಅಲಗಿನ ಪಕ್ಕದಲ್ಲಿ ಕೊರೆದ ಪುಟ್ಟ ಗುಳಿಯೊಳಗೆ ಬಿದ್ದು ಕೂರುತ್ತದೆ. ನನ್ನ ಚಾಕುವನ್ನು ಮಡಚಿ, ಅಲಗು ಕೆಳಮುಖವಾಗುವಂತೆ ಹಿಡಿದು ಜೋರಾಗಿ ಜಾಡಿಸಿದರೂ ತೆರೆಯುವುದಿಲ್ಲ, ಹೆಬ್ಬೆರಳಿನಿಂದ ಗುಬ್ಬಿಯನ್ನು ನೂಕಿದರೆ ಮಾತ್ರ ಟಕ್ಕನೆ ತೆರೆಯುತ್ತದೆ. ಕೀಲಿನ ಎರಡೂ ಬದಿಗೆ ಫಾಸ್ಫರ್ ಬ್ರಾಂಜಿನ ವಾಷರುಗಳಿವೆ. ಪುಟ್ಟ ಬಾಲ್ ಬೇರಿಂಗ್ ಹಾಕಿದ್ದರೆ ಇನ್ನೂ ನುಣುಪಾಗಿ ತೆರೆಯುತ್ತಿತ್ತು, ಆದರೆ ನವಲಗುಂದದ ಎರೆಮಣ್ಣಿನ ಧೂಳು ಬೇರಿಂಗಿನೊಳಗೆ ಹೊಕ್ಕರೆ ಕೆಲಸ ಕೆಡುತ್ತದೆ. ಅವರು ವಾಷರನ್ನೇ ಹಾಕಲು ಹಟ ಹಿಡಿದದ್ದು ಸರಿಯಾಗಿತ್ತು.

ಹಿಡಿಯ ಹಲಗೆಗಳಿಗೆ ನಾನು ಬೀಟೆ ಮರ ಕೇಳಿದ್ದೆ. ಅವರು ಹೈಲಂ ಹಾಳೆಯನ್ನು ತೋರಿಸಿದರು. ಮೋಟಾರ್ ರಿವೈಂಡಿಂಗ್ ಅಂಗಡಿಗಳಲ್ಲಿ, ವಿದ್ಯುತ್ ಪ್ಯಾನಲ್ಲುಗಳಲ್ಲಿ ಎಲ್ಲರೂ ನೋಡಿರುವ ಕಂದು ಬಣ್ಣದ ಹಾಳೆಯೇ ಅದು. ಬಟ್ಟೆಯ ಪದರಗಳನ್ನು ಫಿನಾಲಿಕ್ ರಾಳದಲ್ಲಿ ಅದ್ದಿ ಒತ್ತಿ ಮಾಡಿದ್ದು. ಹೊರದೇಶದ ಚಾಕುಗಳಲ್ಲಿ ಮೈಕಾರ್ಟಾ ಎಂಬ ಹೆಸರಿನಿಂದ ದುಬಾರಿ ಬೆಲೆಗೆ ಮಾರಾಟವಾಗುವುದೂ ಇದೇ ಜಾತಿಯ ವಸ್ತು. ಒದ್ದೆಯಾದಾಗ ಜಾರುವುದಕ್ಕೆ ಬದಲು ಕೈಗೆ ಇನ್ನಷ್ಟು ಹತ್ತಿಕೊಳ್ಳುತ್ತದೆ. ಹದಿನಾಲ್ಕು ತಿಂಗಳ ಬೆವರು, ಎಣ್ಣೆ ಕುಡಿದು ಈಗ ಹಳೆಯ ತೊಲೆಯಂಥ ಗಾಢ ಕಂದು ಬಣ್ಣಕ್ಕೆ ತಿರುಗಿದೆ. ಬೀಟೆಯ ಆಸೆ ಬಿಟ್ಟದ್ದಕ್ಕೆ ನನಗೆ ಸಂತೋಷವಿದೆ.

ಕೆಲಸದಲ್ಲಿ ಅಲಗು ಹೇಗಿದೆ ಎಂಬುದಕ್ಕೆ ಪೈಪಿನ ತುಂಡನ್ನೇ ಸಾಕ್ಷಿ ಹೇಳಿಸಬೇಕು. ಲ್ಯಾಟರಲ್ಲನ್ನು ನೇರವಾಗಿ ಕತ್ತರಿಸದೆ ಓರೆಯಾಗಿ ಕತ್ತರಿಸಿದರೆ ಎರಡು ತುಂಡುಗಳನ್ನು ಕೂಡಿಸುವ ಜಾಯಿಂಟರ್ ಪೂರ್ತಿ ಒಳಕ್ಕೆ ಕೂರುವುದಿಲ್ಲ. ನೀರು ಬಿಟ್ಟು ಒತ್ತಡ ಚದರ ಸೆಂಟಿಮೀಟರಿಗೆ ಒಂದು ಕಿಲೊ ತಲುಪಿದ ಕೂಡಲೇ ಅಲ್ಲಿ ಸೋರಲು ಶುರುವಾಗುತ್ತದೆ. ದಪ್ಪ ಅಲಗು ಪೈಪನ್ನು ಮೊದಲು ಒತ್ತಿ ಚಪ್ಪಟೆ ಮಾಡಿ ಆಮೇಲೆ ಕತ್ತರಿಸುವುದರಿಂದ ಅಂಚು ಓರೆಯಾಗುತ್ತದೆ. ನನ್ನ ಅಲಗು ಬೆನ್ನಿನಲ್ಲಿ ಮೂರು ಮಿಲಿಮೀಟರ್ ಇದ್ದರೂ ಬೆನ್ನಿನಿಂದಲೇ ಸಪಾಟಾಗಿ ಇಳಿದು, ಬಾಯಿಯ ಹಿಂದೆ ಅರ್ಧ ಮಿಲಿಮೀಟರಿಗಿಂತ ತೆಳುವಾಗುತ್ತದೆ. ಪೈಪನ್ನು ಎಡಗೈಯಲ್ಲಿ ಹಿಡಿದು, ಅಲಗಿನ ಬುಡದಿಂದ ಮೊನೆಯವರೆಗೆ ಒಂದು ಸಲ ಎಳೆದರೆ ಸಾಕು. ತುಂಡಿನ ಅಂಚು ಬಳೆಯಂತೆ ದುಂಡಗೆ ಉಳಿಯುತ್ತದೆ. ರಾಣೆಬೆನ್ನೂರಿನ ಹತ್ತಿರ ಬೀಜೋತ್ಪಾದನೆಯ ಮೂರು ಎಕರೆ ಹೊಲದಲ್ಲಿ ಎರಡು ದಿನ ಇದರಿಂದಲೇ ಕೆಲಸ ಮಾಡಿದೆ. ಎರಡನೆಯ ದಿನದ ಸಂಜೆ ಅದು ಕಾಗದವನ್ನು ಸದ್ದಿಲ್ಲದೆ ಸೀಳುತ್ತಿರಲಿಲ್ಲ, ಆದರೆ ಪೈಪನ್ನು ಇನ್ನೂ ನೇರವಾಗಿಯೇ ಕತ್ತರಿಸುತ್ತಿತ್ತು.

ಡಿ-2ಕ್ಕೆ ಸೈರಣೆ ಕಡಿಮೆ ಎಂಬುದನ್ನೂ ಹೇಳಬೇಕು. ಪ್ಲಾಸ್ಟಿಕ್ ಹೊದಿಸಿದ ತಂತಿಯನ್ನು ಹಗ್ಗವೆಂದು ತಿಳಿದು ಒಮ್ಮೆ ಎಳೆದೆ; ಬಾಯಿಯಲ್ಲಿ ಸಾಸಿವೆ ಕಾಳಿನಷ್ಟು ಚಕ್ಕೆ ಹಾರಿತು. ಸ್ಪ್ರಿಂಗ್ ಪಟ್ಟಿಯ ಕುಡಗೋಲಾಗಿದ್ದರೆ ಬಾಯಿ ಬಾಗುತ್ತಿತ್ತು, ಚಕ್ಕೆ ಏಳುತ್ತಿರಲಿಲ್ಲ. ಆ ಗುರುತು ಪೂರ್ತಿ ಹೋಗಲು ನಾಲ್ಕು ಸಲ ಮಸೆಯಬೇಕಾಯಿತು. ಧಾರವಾಡದ ಒಂದು ಆಪೂಸ ತೋಟದಲ್ಲಿ ಮಾವಿನ ಮಿಡಿ ಕೊಯ್ದು ಒರೆಸದೆ ಮಡಚಿಟ್ಟದ್ದರಿಂದ ಅಲಗಿನ ಮೇಲೆ ಬೂದು ಬಣ್ಣದ ಎರಡು ಮಚ್ಚೆಗಳು ಬಿದ್ದವು, ಅವು ಇಂದಿಗೂ ಹೋಗಿಲ್ಲ. ಅಂದಿನಿಂದ ರಾತ್ರಿ ಅಲಗನ್ನು ಒರೆಸಿ, ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಡುತ್ತೇನೆ.

ಮಸೆಯುವುದಕ್ಕೆ ಮನೆಯಲ್ಲಿರುವ ಸಾಮಾನ್ಯ ಕಾರ್ಬೊರಂಡಂ ಕಲ್ಲು ಸಾಲದು ಎಂದಲ್ಲ, ಬಹಳ ಹೊತ್ತು ಹಿಡಿಯುತ್ತದೆ. ವಜ್ರದ ಪುಡಿ ಹಾಕಿದ ಪಟ್ಟಿಯೊಂದನ್ನು ಕೊಂಡ ಮೇಲೆ ವಾರಕ್ಕೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಒಳಮೈ ಮೇಲೆ ಇಪ್ಪತ್ತು ಸಲ ಎಳೆಯುತ್ತೇನೆ. ಬೀದಿಯಲ್ಲಿ ಸೈಕಲ್ ತುಳಿಯುತ್ತ ಸಾಣೆ ಹಿಡಿಯುವವರಿಗೆ ಇಂಥ ಅಲಗನ್ನು ಕೊಡಬಾರದು. ಅವರ ಕೈಚಳಕದ ಬಗ್ಗೆ ನನಗೆ ಗೌರವವಿದೆ, ಈಳಿಗೆಗೂ ಕತ್ತರಿಗೂ ಅವರೇ ಸರಿ. ಆದರೆ ನೀರಿಲ್ಲದ ಚಕ್ರದ ಮೇಲೆ ತೆಳುವಾದ ಬಾಯಿ ಕ್ಷಣಮಾತ್ರದಲ್ಲಿ ಕಾಯುತ್ತದೆ. 200 ಡಿಗ್ರಿಯಲ್ಲಿ ಕೊಟ್ಟ ಹದ ಅದಕ್ಕಿಂತ ಹೆಚ್ಚಿನ ಬಿಸಿ ತಾಗಿದಲ್ಲಿ ಇಳಿದುಹೋಗುತ್ತದೆ. ಬಾಯಿ ನೀಲಿ ಬಣ್ಣಕ್ಕೆ ತಿರುಗಿತೆಂದರೆ ಅಷ್ಟು ಭಾಗ ಕೆಟ್ಟಿತೆಂದೇ ಅರ್ಥ.

ಅಣ್ಣಿಗೇರಿ ಹತ್ತಿರದ ಒಂದು ಹಳ್ಳಿಯಲ್ಲಿ, ಕುಲುಮೆಯ ಮುಂದೆ ಕುಳಿತಿದ್ದ ಎಪ್ಪತ್ತು ದಾಟಿದ ಕಂಬಾರರೊಬ್ಬರಿಗೆ ಇದನ್ನು ತೋರಿಸಿದೆ. ಬೆಲೆ ಕೇಳಿ, “ಏನ್ ತಮ್ಮಾ, ಇಷ್ಟ ಸಣ್ಣ ಚಾಕೂಕ ಇಷ್ಟ ರೊಕ್ಕ ಕೊಟ್ಟಿಯೇನ?” ಎಂದರು. ಹೂಂರಿ ಅಜ್ಜಾರ ಎಂದೆ. ಅವರು ಅಲಗಿನ ಬಾಯಿಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಹಗುರವಾಗಿ ಸರಿಸಿ, ಕಿವಿಯ ಹತ್ತಿರ ಹಿಡಿದು ಅಲಗನ್ನು ಉಗುರಿನಿಂದ ಮೀಟಿ, ಐದಾರು ಸಲ ತೆರೆದು ಮಡಚಿದರು. ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ಅಲಗಿನ ಹದ ನನಗ ತಿಳೀತೈತಿ. ಈ ಕೀಲು ಮಾತ್ರ ನನ್ನ ಕೈಯಾಗ ಆಗೂದಲ್ಲ ಬಿಡು” ಎಂದು ನನ್ನ ಕೈಗೆ ಮರಳಿ ಕೊಟ್ಟರು. ಆ ಮಾತನ್ನು ಚಾಕು ಮಾಡಿದವರಿಗೆ ತಿಳಿಸಿದಾಗ ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು.

ಜೊತೆಯಲ್ಲಿ ಒಯ್ಯುವ ವಿಚಾರಕ್ಕೆ ಬರುತ್ತೇನೆ. ಕೊಳ್ಳುವವರು ಇದನ್ನು ಮೊದಲೇ ತಿಳಿದಿರಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ರೂಪಿಸಿದ 2016ರ ನಿಯಮಗಳ ಐದನೆಯ ವರ್ಗದಲ್ಲಿ ಕತ್ತಿ, ಬಾಕು, ಭರ್ಜಿಗಳ ಜೊತೆಗೆ ಚಾಕುಗಳೂ ಬರುತ್ತವೆ. ಅಲ್ಲಿ ಹೇಳಿರುವ ಅಳತೆ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಾದ ಅಲಗು, ಮತ್ತು ಮನೆಗೆಲಸ, ಕೃಷಿ, ವಿಜ್ಞಾನ, ಕೈಗಾರಿಕೆಗಳಿಗೆಂದು ಮಾಡಿದವನ್ನು ಅದರಿಂದ ಹೊರಗಿಟ್ಟಿದ್ದಾರೆ. ನನ್ನ ಅಲಗು ಮೂರೂಕಾಲು ಇಂಚು. ಆದರೆ ಇಷ್ಟನ್ನೇ ನೋಡಿ ನಿಶ್ಚಿಂತರಾಗುವಂತಿಲ್ಲ. ಕರ್ನಾಟಕ ಪೊಲೀಸ್ ಕಾಯ್ದೆ 1963ರ 35ನೆಯ ಕಲಮಿನಂತೆ ಪೊಲೀಸ್ ಆಯುಕ್ತರು ಅಥವಾ ಜಿಲ್ಲಾ ದಂಡಾಧಿಕಾರಿಗಳು ಆಯುಧಗಳನ್ನು, ಚಾಕುಗಳನ್ನು, ಬಡಿಗೆಗಳನ್ನು ಒಯ್ಯುವುದನ್ನು ಕೆಲವು ಕಾಲ ನಿಷೇಧಿಸಬಹುದು. ಹಿಂದೆ 144ನೆಯ ಕಲಂ ಎಂದು ಎಲ್ಲರಿಗೂ ಗೊತ್ತಿದ್ದ ನಿಷೇಧಾಜ್ಞೆ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೆಯ ಕಲಮಿನಡಿ ಬರುತ್ತದೆ. ಚುನಾವಣೆ, ದೊಡ್ಡ ಮೆರವಣಿಗೆಗಳ ಕಾಲದಲ್ಲಿ ನಾನು ಪತ್ರಿಕೆಯಲ್ಲಿ ಬರುವ ಇಂಥ ಆಜ್ಞೆಗಳನ್ನು ಓದುತ್ತೇನೆ. ಆ ದಿನಗಳಲ್ಲಿ ಚಾಕು ಅಂಗಡಿಯ ಬೀರುವಿನಿಂದ ಹೊರಬರುವುದಿಲ್ಲ.

ಸಾಮಾನ್ಯ ದಿನಗಳಲ್ಲಿಯೂ ಊರೊಳಗೆ ಅದನ್ನು ಜೇಬಿಗೆ ಸಿಕ್ಕಿಸಿಕೊಂಡು ತಿರುಗುವುದನ್ನು ಬಿಟ್ಟಿದ್ದೇನೆ. ಒಮ್ಮೆ ಸಂಜೆಯ ಜನಜಂಗುಳಿಯಲ್ಲಿ ಚಿಗರಿ ಬಸ್ಸಿನಲ್ಲಿ ನಿಂತಿರುವಾಗ ಅಂಗಿಯ ಕೆಳಗೆ ಹೊಳೆಯುವ ಕ್ಲಿಪ್ಪನ್ನು ಕಂಡು ಪಕ್ಕದಲ್ಲಿದ್ದ ತಾಯಿಯೊಬ್ಬರು ಮಗುವನ್ನು ಈಚೆಗೆ ಎಳೆದುಕೊಂಡರು. ಅವರದೇನೂ ತಪ್ಪಿಲ್ಲ. ಈಗ ಅದು ಪೈಪಿನ ಜಾಯಿಂಟುಗಳ ಜೊತೆ ಟೂಲ್ ಬ್ಯಾಗಿನಲ್ಲಿರುತ್ತದೆ, ಹೊಲದ ಬದುವಿನ ಮೇಲೆ ಕಾಲಿಟ್ಟ ನಂತರ ಜೇಬಿಗೆ ಬರುತ್ತದೆ. ನ್ಯಾಯಾಲಯಕ್ಕೆ, ಜಿಲ್ಲಾಧಿಕಾರಿ ಕಚೇರಿಗೆ ಹೋಗುವ ದಿನ ಬ್ಯಾಗನ್ನೇ ಒಯ್ಯುವುದಿಲ್ಲ. ವಿಮಾನದಲ್ಲಿ ಕೈಚೀಲದೊಳಗೆ ಇಡುವಂತಿಲ್ಲ. ವಂದೇ ಭಾರತ್ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಅಲ್ಲಿಂದ ಮೆಟ್ರೊ ಹತ್ತುವ ಯೋಚನೆಯಿದ್ದರೂ ಮನೆಯಲ್ಲೇ ಬಿಡಬೇಕು. ಮೆಟ್ರೊ ನಿಲ್ದಾಣದ ತಪಾಸಣೆಯಲ್ಲಿ ಚಾಕುವನ್ನು ಒಳಗೆ ಬಿಡುವುದಿಲ್ಲ.

ಆತ್ಮರಕ್ಷಣೆಗೆ ಇಂಥದ್ದೊಂದು ಮಾಡಿಸಿಕೊಡಿ ಎಂದು ಕೇಳಿ ಬರುವ ಹುಡುಗರನ್ನು ಚಾಕು ಮಾಡುವವರು ಬಾಗಿಲಿನಲ್ಲಿಯೇ ಮರಳಿ ಕಳಿಸುತ್ತಾರೆ. ಏನು ಕೆಲಸಕ್ಕೆ ಬೇಕು ಎಂದು ಕೇಳದೆ ಅವರು ಅಳತೆಯ ಕಾಗದವನ್ನು ಹೊರಗೆ ತೆಗೆಯುವುದಿಲ್ಲ. ನಾನು ಅವರಲ್ಲಿಗೆ ಬೇರೆಯವರನ್ನು ಧೈರ್ಯದಿಂದ ಕಳಿಸುವುದಕ್ಕೆ ಇದೂ ಒಂದು ಕಾರಣ.

ಹನ್ನೊಂದೂವರೆ ಸಾವಿರ ಎಲ್ಲರಿಗೂ ಹೊಂದುವ ಬೆಲೆಯಲ್ಲ. ತಿಂಗಳಿಗೊಮ್ಮೆ ಪಾರ್ಸೆಲ್ ಬಿಚ್ಚುವವರಿಗೆ, ಅಡುಗೆಮನೆಗೆ ಒಂದು ಚಾಕು ಬೇಕೆನ್ನುವವರಿಗೆ ಇದು ಬೇಡ. ಪಾರ್ಸೆಲ್ಲಿಗೆ ಮುರಿಯುವ ಅಲಗಿನ ಕಟ್ಟರ್ ಸಾಕು. ದಿನವಿಡೀ ಚಾಕು ಹಿಡಿಯುವವರು, ಕೈಯ ಅಳತೆ ಅಂಗಡಿಯ ಅಳತೆಗೆ ಹೊಂದದವರು, ಮೂರು ತಿಂಗಳು ಕಾಯಬಲ್ಲವರು ಮಾಡಿಸಬಹುದು. ಮಾಡಿಸುವಾಗ ಅಲಗಿನ ಆಕಾರದ ಬಗ್ಗೆ ಒಂದು ಗಂಟೆ ಮಾತಾಡಿದರೆ ಲಾಕಿನ ಬಗ್ಗೆ ಎರಡು ಗಂಟೆ ಮಾತಾಡಬೇಕು, ಕೈಗೆ ಬಂದ ದಿನವೇ ಅವರ ಮುಂದೆಯೇ ಬೆನ್ನನ್ನು ಮೇಜಿಗೆ ಒತ್ತಿ ನೋಡಬೇಕು.

ಕಳೆದ ತಿಂಗಳು ಎಣ್ಣೆ ಹಾಕಿಸಲು ಹೋದಾಗ ಅವರು ಕೀಲನ್ನು ಬಿಚ್ಚಿ ಪಟ್ಟಿ ಎಲ್ಲಿ ನಿಲ್ಲುತ್ತಿದೆ ಎಂದು ಅಳೆದರು. ಗೂಟ ಬದಲಿಸಿದ ದಿನ ಇದ್ದ ಜಾಗದಿಂದ ಒಂದು ಕೂದಲೆಳೆಯಷ್ಟೇ ಒಳಕ್ಕೆ ಸರಿದಿದೆ. ಲೈನರಿನ ಒಳಮೈಯಲ್ಲಿ, ಹೊರಗೆ ಕಾಣದ ಕಡೆ, ಅಂದಿನ ತಾರೀಖನ್ನು ಸೂಜಿಯಿಂದ ಗೀಚಿಟ್ಟಿದ್ದರು. ಅದರ ಕೆಳಗೆ ಈ ಭೇಟಿಯದನ್ನೂ ಗೀಚಿದರು. ವಾಷರುಗಳು ಇನ್ನೊಂದು ವರ್ಷಕ್ಕೆ ಸವೆಯಬಹುದೆಂದು ಹೇಳಿ, ಹೊಸವೆರಡನ್ನು ಎಣ್ಣೆ ಸವರಿದ ಕಾಗದದಲ್ಲಿ ಸುತ್ತಿ ಕೊಟ್ಟರು. ಆ ಪೊಟ್ಟಣ ನನ್ನ ಟೂಲ್ ಬ್ಯಾಗಿನಲ್ಲಿ, ಟೆಫ್ಲಾನ್ ಟೇಪಿನ ಪಕ್ಕದಲ್ಲಿದೆ.